ವಿಶ್ರಾಂತಿಯೋ, ಪಲಾಯನವೋ?

"ಇಡೀ ದಿನ ಮೊಬೈಲಿನಲ್ಲೇ ಇರುತ್ತಾನೆ" ಎಂಬುದು ಹೆತ್ತವರ ಸಭೆಗಳಲ್ಲಿ ಹೆಚ್ಚಾಗಿ ಕೇಳಿಬರುವ ದೂರು. "ಓದಿ ಓದಿ ತಲೆ ಬಿಸಿಯಾಗಿತ್ತು, ಸ್ವಲ್ಪ ರಿಲ್ಯಾಕ್ಸ್ ಮಾಡುತ್ತಿದ್ದೆ" ಎಂಬುದು ಅದಕ್ಕೆ ಮಕ್ಕಳ ಸಿದ್ಧ ಉತ್ತರ. ಈ ಎರಡು ಮಾತುಗಳ ನಡುವೆ ಎಷ್ಟೋ ಮನೆಗಳಲ್ಲಿ ದಿನವೂ ವಾದ ನಡೆಯುತ್ತದೆ. ಹೆತ್ತವರು ಗಂಟೆಗಳನ್ನು ಲೆಕ್ಕ ಹಾಕುತ್ತಾರೆ. ಮಕ್ಕಳು ತಮಗೂ ವಿಶ್ರಾಂತಿ ಬೇಡವೇ ಎಂದು ಕೇಳುತ್ತಾರೆ. ಆದರೆ ಕೇಳಲೇಬೇಕಾದ ಒಂದು ಪ್ರಶ್ನೆ ಇಬ್ಬರ ಬಾಯಲ್ಲೂ ಬರುವುದಿಲ್ಲ. ಮೊಬೈಲ್ ಕೈಗೆತ್ತಿಕೊಂಡ ಆ ಕ್ಷಣದಲ್ಲಿ ನಾವು ಯಾವುದರಿಂದ ದೂರ ಓಡುತ್ತಿದ್ದೆವು?

ರೀಲ್ಸ್, ಗೇಮ್, ವೆಬ್ ಸರಣಿ, ಕ್ರಿಕೆಟ್ ಹೈಲೈಟ್ಸ್, ಕೆ-ಡ್ರಾಮಾ ಯಾವುದೇ ಇರಲಿ, ಅದೇ ಒಂದು ವಸ್ತು ಒಬ್ಬನಿಗೆ ವಿಶ್ರಾಂತಿಯಾಗಬಹುದು, ಇನ್ನೊಬ್ಬನಿಗೆ ಪಲಾಯನವಾಗಬಹುದು. ಇವೆರಡರ ವ್ಯತ್ಯಾಸ ತಿಳಿದರೆ ಚಟದ ಸಮಸ್ಯೆ ಅರ್ಧ ಅರ್ಥವಾದಂತೆ.

ಮನರಂಜನೆಯೇ ತಪ್ಪೇ?

ಮೊದಲು ಒಂದು ತಪ್ಪು ಕಲ್ಪನೆಯನ್ನು ದೂರ ಮಾಡೋಣ. ಧಾರ್ಮಿಕ ವಾತಾವರಣದಲ್ಲಿ ಬೆಳೆದ ಕೆಲವು ವಿದ್ಯಾರ್ಥಿಗಳು ಆಟ, ನಗು, ವಿನೋದ ಎಲ್ಲವೂ ದೋಷವೆಂದು ಭಾವಿಸುತ್ತಾರೆ. ಕದ್ದು ನೋಡುತ್ತಾರೆ, ನೋಡಿ ಕೊರಗುತ್ತಾರೆ, ಆ ಕೊರಗನ್ನು ಮರೆಯಲು ಮತ್ತೆ ನೋಡುತ್ತಾರೆ.

ಸಹೀಹ್ ಮುಸ್ಲಿಮ್‌ನಲ್ಲಿ ಹಂಝಲ(ರ) ಎಂಬ ಸಹಾಬಿಯ ಪ್ರಸಂಗವೊಂದಿದೆ. ಪ್ರವಾದಿ(ಸ)ರ ಸನ್ನಿಧಿಯಲ್ಲಿ ಕುಳಿತಾಗ ಸ್ವರ್ಗ ನರಕಗಳು ಕಣ್ಣೆದುರಿಗೇ ಇದ್ದಂತೆ ಅನಿಸುತ್ತದೆ, ಮನೆಗೆ ಹೋಗಿ ಮಡದಿ ಮಕ್ಕಳೊಂದಿಗೆ, ದುಡಿಮೆಯೊಂದಿಗೆ ಬೆರೆತಾಗ ಅದು ಮರೆತುಹೋಗುತ್ತದೆ, ಆದ್ದರಿಂದ ತಾನು ಕಪಟಿಯಾಗಿಬಿಟ್ಟೆನೇ ಎಂದು ಅವರು ಕಳವಳಗೊಂಡರು. ತಮಗೂ ಹಾಗೇ ಆಗುತ್ತದೆ ಎಂದು ಅಬೂಬಕರ್(ರ) ಹೇಳಿದರು. ಪ್ರವಾದಿ(ಸ)ರು ಅವರನ್ನು ಗದರಿಸಲಿಲ್ಲ. ಒಂದು ಹೊತ್ತು ಅದಕ್ಕೆ, ಇನ್ನೊಂದು ಹೊತ್ತು ಇದಕ್ಕೆ ಎಂಬ ಅರ್ಥದ ಮಾತು ಹೇಳಿ ಸಮಾಧಾನಪಡಿಸಿದರು.

ಇನ್ನೊಂದು ಪ್ರಸಂಗ ಬುಖಾರಿಯಲ್ಲಿದೆ. ಈದ್‌ನ ದಿನ ಅಬಿಸೀನಿಯಾದ ಜನರು ಮಸೀದಿಯಲ್ಲಿ ಗುರಾಣಿ, ಈಟಿಗಳೊಂದಿಗೆ ಆಟ ಪ್ರದರ್ಶಿಸುತ್ತಿದ್ದರು. ಆಯಿಶಾ(ರ) ಪ್ರವಾದಿ(ಸ)ರ ಹಿಂದೆ ನಿಂತು ಅದನ್ನು ನೋಡಿದರು. ಅವರು ದಣಿದಾಗ, ಸಾಕೇ ಎಂದು ಪ್ರವಾದಿ(ಸ)ರು ಕೇಳಿದರು. ಸಾಕು ಎಂದ ಬಳಿಕ ಅಲ್ಲಿಂದ ಹೋಗುವಂತೆ ಹೇಳಿದರು.

ಇಲ್ಲಿ ಮನರಂಜನೆ ಇದೆ, ಅದಕ್ಕೆ ಅನುಮತಿಯೂ ಇದೆ. ಜೊತೆಗೆ "ಸಾಕೇ?" ಎಂಬ ಪ್ರಶ್ನೆಯೂ ಇದೆ. ನಮ್ಮ ಕೈಯಲ್ಲಿರುವ ಮೊಬೈಲ್ ಕೇಳದ ಪ್ರಶ್ನೆ ಇದೊಂದೇ.

ವಿಶ್ರಾಂತಿಯ ಗುರುತು ಸರಳ. ಅದು ಮುಗಿದ ಮೇಲೆ ನಾವು ಬಿಟ್ಟುಬಂದ ಕೆಲಸಕ್ಕೆ ಹೊಸ ಚೈತನ್ಯದೊಂದಿಗೆ ಮರಳುತ್ತೇವೆ. ಸಂಜೆ ಒಂದು ಗಂಟೆ ಫುಟ್‌ಬಾಲ್ ಆಡಿ ಬಂದವನ ಮೈ ದಣಿದಿದ್ದರೂ ಮನಸ್ಸು ಹಗುರವಾಗಿರುತ್ತದೆ. ಪಲಾಯನದ ಗುರುತು ಇದಕ್ಕೆ ವಿರುದ್ಧ. ಮೈ ದಣಿದಿರುವುದಿಲ್ಲ, ಆದರೆ ಮನಸ್ಸು ಭಾರವಾಗಿರುತ್ತದೆ. ಬಿಟ್ಟುಬಂದ ಕೆಲಸ ಮೊದಲಿಗಿಂತ ದೊಡ್ಡದಾಗಿ ಕಾಣುತ್ತದೆ.

ಓಡಿಹೋಗುವ ಚಕ್ರ

ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಒಳ್ಳೆಯ ಅಂಕ ಪಡೆದು ಪಿಯುಸಿ ವಿಜ್ಞಾನ ವಿಭಾಗಕ್ಕೆ ಸೇರಿದ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಿ. ನಿನ್ನೆಯವರೆಗೆ ಅವಳಿಗೆ "ವೇಗೋತ್ಕರ್ಷ", "ಸಂವೇಗ" ಎಂದರೆ ಸ್ಪಷ್ಟವಾಗಿ ತಿಳಿಯುತ್ತಿತ್ತು. ಇಂದು ಅದೇ ವಿಷಯ "ಆಕ್ಸಲರೇಷನ್", "ಮೊಮೆಂಟಮ್" ಆಗಿ, ಇಡೀ ಪುಟ ಇಂಗ್ಲಿಷಿನಲ್ಲಿ ಎದುರಿಗಿದೆ. ತರಗತಿಯಲ್ಲಿ ಪ್ರಶ್ನೆ ಕೇಳಲು ಸಂಕೋಚ. ಮನೆಯಲ್ಲಿ ಹೇಳಿದರೆ "ಎಸ್ಸೆಸ್ಸೆಲ್ಸಿಯಲ್ಲಿ ಅಷ್ಟು ಅಂಕ ಬಂದಿತ್ತಲ್ಲ" ಎನ್ನುತ್ತಾರೆ. ರಾತ್ರಿ ಪುಸ್ತಕ ತೆರೆದಾಗ ಹೊಟ್ಟೆಯಲ್ಲಿ ಏನೋ ಸಂಕಟ. ಆಗ ಕೈ ತಾನಾಗಿಯೇ ಮೊಬೈಲಿನ ಕಡೆಗೆ ಹೋಗುತ್ತದೆ. ಎರಡು ರೀಲ್ಸ್ ಮುಗಿಯುವಷ್ಟರಲ್ಲಿ ಆ ಸಂಕಟ ಮಾಯ.

ಆ ಸಂಕಟ ಮಾಯವಾದುದೇ ಬಹುಮಾನ. ಪುಸ್ತಕ ತೆರೆದರೆ ನೋವು, ಮೊಬೈಲ್ ತೆರೆದರೆ ನೋವಿನ ಶಮನ ಎಂಬ ಪಾಠವನ್ನು ಮೆದುಳು ಕಲಿತುಬಿಡುತ್ತದೆ. ಮರುದಿನ ಓದಬೇಕಾದ ಪುಟಗಳು ಹತ್ತರ ಬದಲು ಇಪ್ಪತ್ತಾಗುತ್ತವೆ. ಭಯ ಇಮ್ಮಡಿಯಾಗುತ್ತದೆ. ಭಯ ಹೆಚ್ಚಿದಷ್ಟೂ ಓಡುವ ಆಸೆ ಹೆಚ್ಚುತ್ತದೆ. ಮೊದಲ ಕಿರುಪರೀಕ್ಷೆಯ ಹೊತ್ತಿಗೆ ಹೊರಗಿನವರಿಗೆ ಕಾಣುವುದು "ಮೊಬೈಲ್ ಚಟ" ಮಾತ್ರ. ಅದರ ಹಿಂದೆ ಇರುವ, ಯಾರೂ ಬಿಡಿಸದ ಭೌತಶಾಸ್ತ್ರದ ಮೊದಲ ಅಧ್ಯಾಯ ಯಾರಿಗೂ ಕಾಣುವುದಿಲ್ಲ.

ಕೆಲಸ ಮುಂದೂಡುವ ಅಭ್ಯಾಸದ ಬಗ್ಗೆ ಅಧ್ಯಯನ ನಡೆಸಿದ ಟಿಮೊಥಿ ಪಿಚಿಲ್, ಫ್ಯೂಶಿಯಾ ಸಿರೊವಾ ಮೊದಲಾದ ಮನಶ್ಶಾಸ್ತ್ರಜ್ಞರು ಹೇಳುವುದೂ ಇದನ್ನೇ. ಅವರ ಪ್ರಕಾರ ಮುಂದೂಡುವುದು ಕೇವಲ ಸೋಮಾರಿತನವಲ್ಲ, ಸಮಯದ ಲೆಕ್ಕ ತಪ್ಪಿದ್ದೂ ಅಲ್ಲ. ಆ ಕೆಲಸ ಹುಟ್ಟಿಸುವ ಅಹಿತಕರ ಭಾವನೆಯಿಂದ ತಕ್ಷಣಕ್ಕೆ ತಪ್ಪಿಸಿಕೊಳ್ಳುವ ಪ್ರಯತ್ನ ಅದು.

ಎಲ್ಲರೂ ಓಡುವುದು ಪಾಠದಿಂದಲೇ ಎಂದಿಲ್ಲ. ಮನೆಯಲ್ಲಿ ನಿತ್ಯದ ಜಗಳ, ಸಾಲದ ಚಿಂತೆ, ವರ್ಷಕ್ಕೊಮ್ಮೆ ಮಾತ್ರ ಗಲ್ಫ್‌ನಿಂದ ಬರುವ ತಂದೆ, ಗೆಳೆಯರ ಗುಂಪಿನಿಂದ ಹೊರಗುಳಿದ ನೋವು, ತನ್ನ ರೂಪದ ಬಗ್ಗೆ ಕೀಳರಿಮೆ, ನೀಟ್ ಬರೆಯಲೇಬೇಕೆಂಬ ಹಿರಿಯರ ಒತ್ತಡ ಇವೆಲ್ಲ ಓಡಲು ಕಾರಣಗಳೇ. ಕೆಲವೊಮ್ಮೆ ಬರಿಯ ಖಾಲಿತನವೂ ಸಾಕು. 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಟಿಮೊಥಿ ವಿಲ್ಸನ್ ತಂಡದ ಪ್ರಯೋಗವೊಂದರಲ್ಲಿ ಜನರನ್ನು 15 ನಿಮಿಷ ಏನೂ ಇಲ್ಲದ ಕೋಣೆಯಲ್ಲಿ ಒಬ್ಬಂಟಿಯಾಗಿ ಕೂರಿಸಲಾಯಿತು. ಇದ್ದುದು ಒತ್ತಿದರೆ ಸಣ್ಣ ವಿದ್ಯುತ್ ಆಘಾತ ಕೊಡುವ ಒಂದು ಗುಂಡಿ ಮಾತ್ರ. 18 ಪುರುಷರಲ್ಲಿ 12 ಮಂದಿ, 24 ಮಹಿಳೆಯರಲ್ಲಿ 6 ಮಂದಿ ಒಮ್ಮೆಯಾದರೂ ಅದನ್ನು ಒತ್ತಿಕೊಂಡರು. ಆ ಆಘಾತದಿಂದ ತಪ್ಪಿಸಿಕೊಳ್ಳಲು ಹಣ ಬೇಕಾದರೂ ಕೊಟ್ಟೇವು ಎಂದು ಮೊದಲು ಹೇಳಿದ್ದವರು ಇವರೇ. ತನ್ನ ಯೋಚನೆಗಳೊಂದಿಗೆ ಸುಮ್ಮನೆ ಕೂರುವುದು ಮನುಷ್ಯನಿಗೆ ಅಷ್ಟು ಕಷ್ಟ. ಹಾಗಿರುವಾಗ ಆಘಾತದ ಗುಂಡಿಯ ಬದಲು ರಂಜನೆಯ ಗುಂಡಿಯೇ ಜೇಬಿನಲ್ಲಿದ್ದರೆ ಏನಾದೀತೆಂದು ಊಹಿಸಬಹುದು.

ಕೊನೆಯೇ ಇಲ್ಲದ ಪುಟ

"ಹಿಂದಿನವರಿಗೂ ಸಿನಿಮಾ, ಕಾದಂಬರಿ, ರೇಡಿಯೋ ಹುಚ್ಚು ಇತ್ತಲ್ಲ?" ಎಂದು ನೀವು ಕೇಳಬಹುದು. ನಿಜ, ಇತ್ತು. ಆದರೆ ಹಿಂದಿನ ಮನರಂಜನೆಗೆ ಒಂದು ಕೊನೆ ಇತ್ತು. ಸಿನಿಮಾದ ಪರದೆಯಲ್ಲಿ "ಶುಭಂ" ಎಂದು ಬರುತ್ತಿತ್ತು. ಧಾರಾವಾಹಿ ಅರ್ಧ ಗಂಟೆಗೆ ಮುಗಿದು ನಾಳೆಗೆ ಕಾಯಬೇಕಿತ್ತು. ಕಾದಂಬರಿಯ ಅಧ್ಯಾಯ ಮುಗಿದಾಗ ಓದುಗ ತಲೆ ಎತ್ತಿ ಗಡಿಯಾರ ನೋಡುತ್ತಿದ್ದ. ಆ ಸಣ್ಣ ನಿಲುಗಡೆಯಲ್ಲಿ, ಸಾಕೇ ಎಂದು ಮನಸ್ಸು ತನ್ನನ್ನು ತಾನೇ ಕೇಳಿಕೊಳ್ಳುತ್ತಿತ್ತು.

ಇಂದಿನ ಆ್ಯಪ್‌ಗಳು ತೆಗೆದುಹಾಕಿರುವುದು ಆ ನಿಲುಗಡೆಯನ್ನೇ. ಕೆಳಗೆ ಸರಿಸಿದಷ್ಟೂ ಮುಗಿಯದ ಪುಟದ ವಿನ್ಯಾಸವನ್ನು 2006ರಲ್ಲಿ ರೂಪಿಸಿದವರು ಅಜಾ ರಾಸ್ಕಿನ್ ಎಂಬ ಅಮೆರಿಕದ ವಿನ್ಯಾಸಕಾರ. ಜನರ ಕೆಲಸ ಸುಲಭವಾಗಲಿ ಎಂದು ಮಾಡಿದ್ದು ಜನರನ್ನು ಕಟ್ಟಿಹಾಕುವ ಸಾಧನವಾಯಿತು ಎಂದು ಅವರು ಆಮೇಲೆ ಬಹಿರಂಗವಾಗಿ ವಿಷಾದಿಸಿದ್ದಾರೆ. ಒಂದು ಕಂತು ಮುಗಿಯುತ್ತಲೇ ಮುಂದಿನದು ತಾನಾಗಿ ಆರಂಭವಾಗುವುದೂ ಇದೇ ಬಗೆಯ ವ್ಯವಸ್ಥೆ. ನೆಟ್‌ಫ್ಲಿಕ್ಸ್‌ನ ಆಗಿನ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್, ತಮ್ಮ ಕಂಪನಿ ಸ್ಪರ್ಧಿಸುತ್ತಿರುವುದು ಜನರ ನಿದ್ರೆಯೊಂದಿಗೆ ಎಂದು 2017ರಲ್ಲಿ ಹೇಳಿದ್ದರು.

ಎರಡನೆಯ ಗುಟ್ಟು ಅನಿಶ್ಚಿತತೆ. ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳು ಪ್ರಸಿದ್ಧ. ಕೊಕ್ಕಿನಿಂದ ಕುಕ್ಕಿದರೆ ಕಾಳು ಬೀಳುವ ಯಂತ್ರವನ್ನು ಅವುಗಳ ಮುಂದಿಡಲಾಯಿತು. ಇಂತಿಷ್ಟು ಸಲ ಕುಕ್ಕಿದರೆ ಕಾಳು ಎಂಬ ಖಚಿತ ನಿಯಮವಿದ್ದಾಗ ಪಾರಿವಾಳ ಕಾಳು ಸಿಕ್ಕ ಮೇಲೆ ಸ್ವಲ್ಪ ವಿರಮಿಸುತ್ತಿತ್ತು. ಎಷ್ಟನೇ ಸಲಕ್ಕೆ ಕಾಳು ಬೀಳುತ್ತದೆಂದು ತಿಳಿಯದಂತೆ ಮಾಡಿದಾಗ ಅದು ವಿರಾಮವಿಲ್ಲದೆ ಕುಕ್ಕುತ್ತಲೇ ಇತ್ತು. ಜೂಜಿನ ಯಂತ್ರ ಕೆಲಸ ಮಾಡುವುದು ಇದೇ ತತ್ವದಲ್ಲಿ. ರೀಲ್ಸ್ ಕೂಡ ಹೀಗೆಯೇ. ಹತ್ತರಲ್ಲಿ ಎಂಟು ನೀರಸ, ಒಂದು ಪರವಾಗಿಲ್ಲ, ಒಂದು ಬಹಳ ಚೆನ್ನಾಗಿದೆ. ಆ ಒಂದು ಯಾವಾಗ ಬರುತ್ತದೆಂದು ಗೊತ್ತಿಲ್ಲದಿರುವುದೇ ಬೆರಳನ್ನು ಮುಂದೆ ಸರಿಸುತ್ತದೆ.

ಇದರ ಹಿಂದೆ ಡೋಪಮಿನ್ ಎಂಬ ರಾಸಾಯನಿಕದ ಪಾತ್ರವಿದೆ. ಅದನ್ನು "ಸಂತೋಷದ ರಾಸಾಯನಿಕ" ಎನ್ನುವುದು ಪೂರ್ತಿ ಸರಿಯಲ್ಲ. ನರವಿಜ್ಞಾನಿ ವೊಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಹಣ್ಣಿನ ರಸ ಅನಿರೀಕ್ಷಿತವಾಗಿ ಸಿಕ್ಕಾಗ ಡೋಪಮಿನ್ ಕೋಶಗಳು ಚುರುಕಾಗುತ್ತಿದ್ದವು. ರಸ ಬರುವ ಮುನ್ನ ಯಾವಾಗಲೂ ಒಂದು ಸೂಚನೆ ಕೊಡುವುದನ್ನು ರೂಢಿ ಮಾಡಿದ ಮೇಲೆ, ಆ ಕೋಶಗಳು ರಸಕ್ಕೆ ಅಲ್ಲ, ಸೂಚನೆಗೇ ಚುರುಕಾಗತೊಡಗಿದವು. ಮೊಬೈಲಿನ "ಟಿಣ್" ಸದ್ದು ಕೇಳಿದೊಡನೆ ಮನಸ್ಸು ಪುಸ್ತಕ ಬಿಟ್ಟು ಎದ್ದುಹೋಗುವುದು ಏಕೆಂದು ಇದರಿಂದ ತಿಳಿಯಬಹುದು. ಎಷ್ಟೋ ಸಲ ಖುಷಿ ಕೊಡದಿದ್ದರೂ ನಾವು ನೋಡುತ್ತಲೇ ಇರುವುದಕ್ಕೂ ಇದು ಒಂದು ಕಾರಣ. ಬೇಕು ಅನಿಸುವುದು, ಇಷ್ಟವಾಗುವುದು ಎರಡೂ ಒಂದೇ ಅಲ್ಲ.

ಹದಿಹರೆಯದವರಿಗೇ ಏಕೆ ಹೆಚ್ಚು?

ಆವೇಗವನ್ನು ತಡೆಯುವ, ಮುಂದಿನ ಪರಿಣಾಮ ತೂಗಿ ನೋಡುವ ಮೆದುಳಿನ ಮುಂಭಾಗ ಪೂರ್ಣವಾಗಿ ಬಲಿಯುವುದು ಸುಮಾರು 25ನೇ ವಯಸ್ಸಿನ ಹೊತ್ತಿಗೆ. ಹೊಸತು, ರೋಮಾಂಚನ, ಗೆಳೆಯರ ಮೆಚ್ಚುಗೆಗಳಿಗೆ ಸ್ಪಂದಿಸುವ ಭಾಗಗಳು ಅದಕ್ಕಿಂತ ಬಹಳ ಮೊದಲೇ ಚುರುಕಾಗಿರುತ್ತವೆ. ಬೈಕಿಗೆ ಎಂಜಿನ್ ಬಂದಿದೆ, ಬ್ರೇಕ್ ಇನ್ನೂ ಸಿದ್ಧವಾಗುತ್ತಿದೆ ಎಂಬ ಸ್ಥಿತಿ.

ನಿದ್ರೆಯದ್ದೂ ಇದೇ ಕಥೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ತಜ್ಞರು ಹೇಳುತ್ತಾರೆ. ಈ ವಯಸ್ಸಿನಲ್ಲಿ ನಿದ್ರೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಸ್ರವಿಸುವುದರಿಂದ ಬೇಗ ನಿದ್ರೆ ಬರುವುದಿಲ್ಲ. ಆ ಎಚ್ಚರದ ಹೊತ್ತನ್ನು ಮೊಬೈಲ್ ಆಕ್ರಮಿಸುತ್ತದೆ. ಹಗಲಿನಲ್ಲಿ ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ರೆಯಲ್ಲೇ. ಹೀಗಾಗಿ ರಾತ್ರಿ ಎರಡು ಗಂಟೆಯವರೆಗೆ ನೋಡಿದವನು ಕಳೆದುಕೊಳ್ಳುವುದು ಫಜ್ರ್ ನಮಾಝ್ ಮತ್ತು ಮೊದಲ ಪಿರಿಯಡ್ ಮಾತ್ರವಲ್ಲ. ಹಿಂದಿನ ದಿನ ಓದಿದ್ದರಲ್ಲೂ ಒಂದು ಪಾಲು ಹೋಗುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ದಿನಕ್ಕೆ 3 ಗಂಟೆಯಂತೆ ಪಿಯುಸಿಯ ಎರಡು ವರ್ಷಗಳಲ್ಲಿ 2,190 ಗಂಟೆಗಳಾಗುತ್ತವೆ. ಹಗಲು ರಾತ್ರಿ ಸೇರಿಸಿದರೆ ಪೂರ್ತಿ 91 ದಿನ. ಅರ್ಧ ನಿಮಿಷದ ವಿಡಿಯೋ ಎಂದಿಟ್ಟುಕೊಂಡರೆ 3 ಗಂಟೆಯಲ್ಲಿ 360 ವಿಡಿಯೋಗಳು. ನಿನ್ನೆ ನೋಡಿದವುಗಳಲ್ಲಿ ಐದು ಇಂದು ನೆನಪಿದೆಯೇ? ಕಾಲದ ಮೇಲೆ ಆಣೆಯಿಟ್ಟು ಮನುಷ್ಯನ ನಷ್ಟದ ಬಗ್ಗೆ ಎಚ್ಚರಿಸುವ ಸೂರಃ ಅಲ್ ಅಸ್ರ್ ನಮ್ಮಲ್ಲಿ ಅನೇಕರಿಗೆ ಕಂಠಪಾಠ. ಈ ಲೆಕ್ಕ ಮುಂದಿಟ್ಟುಕೊಂಡು ಅದನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಚಟವೆಂದು ಯಾವಾಗ ಕರೆಯಬೇಕು?

ಹೆಚ್ಚು ನೋಡುವವರೆಲ್ಲ ರೋಗಿಗಳಲ್ಲ. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ (ಐಸಿಡಿ-11) ಗೇಮಿಂಗ್ ಕಾಯಿಲೆಯನ್ನು ಸೇರಿಸಲಾಗಿದೆ. ಅದಕ್ಕೆ ಮೂರು ಲಕ್ಷಣಗಳನ್ನು ಹೇಳಲಾಗಿದೆ. ಆಟದ ಮೇಲೆ ಹತೋಟಿ ತಪ್ಪುವುದು, ಬೇರೆಲ್ಲ ಆಸಕ್ತಿ ಹಾಗೂ ದಿನಚರಿಗಿಂತ ಆಟವೇ ಮುಖ್ಯವಾಗುವುದು, ಹಾನಿಯಾಗುತ್ತಿರುವುದು ಕಂಡರೂ ಮುಂದುವರಿಸುವುದು. ಇದರಿಂದ ಓದು, ಮನೆ, ಗೆಳೆತನಗಳಿಗೆ ತೀವ್ರ ಧಕ್ಕೆಯಾಗಿರಬೇಕು, ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಹೀಗೆ ನಡೆದಿರಬೇಕು. ಆದ್ದರಿಂದ ಪರೀಕ್ಷೆ ಮುಗಿದ ವಾರ ಹಗಲಿಡೀ ಗೇಮ್ ಆಡಿದ ಮಗುವಿಗೆ "ಅಡಿಕ್ಟ್" ಎಂಬ ಹಣೆಪಟ್ಟಿ ಹಚ್ಚುವುದು ಸರಿಯಲ್ಲ. ಆದರೆ ಊಟ, ನಿದ್ರೆ, ನಮಾಝ್, ಗೆಳೆಯರು ಒಂದೊಂದಾಗಿ ಬದಿಗೆ ಸರಿಯುತ್ತಿದ್ದರೆ ಸುಮ್ಮನಿರುವುದೂ ಸರಿಯಲ್ಲ.

ಕಸಿದುಕೊಂಡರೆ ಮುಗಿಯಿತೇ?

2020ರ ಜೂನ್ ಕೊನೆಯಲ್ಲಿ ಕೇಂದ್ರ ಸರಕಾರ ಟಿಕ್‌ಟಾಕನ್ನು ನಿಷೇಧಿಸಿತು. ಜುಲೈಯಲ್ಲೇ ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ಆರಂಭಿಸಿತು. ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಅದೇ ಸೆಪ್ಟೆಂಬರಿನಲ್ಲಿ ಪಬ್‌ಜಿ ನಿಷೇಧವಾಯಿತು, ಮರುವರ್ಷ ಅದೇ ಬಗೆಯ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿತು. ನಿಷೇಧದ ಉದ್ದೇಶ ದೇಶದ ಭದ್ರತೆ, ಚಟ ಬಿಡಿಸುವುದಲ್ಲ, ನಿಜ. ಆದರೂ ನಮಗೆ ಇದರಲ್ಲಿ ಪಾಠವಿದೆ. ಒಂದು ಬಾಗಿಲು ಮುಚ್ಚಿದರೆ ಓಡಬೇಕೆಂದಿರುವವನು ಇನ್ನೊಂದನ್ನು ಹುಡುಕಿಕೊಳ್ಳುತ್ತಾನೆ. ಮೊಬೈಲ್ ಕಸಿದರೆ ಗೆಳೆಯನ ಮೊಬೈಲ್, ಅದೂ ಇಲ್ಲದಿದ್ದರೆ ಹಗಲುಗನಸು. ಓಟದ ಕಾರಣ ಹಾಗೆಯೇ ಉಳಿಯುತ್ತದೆ.

ವಿದ್ಯಾರ್ಥಿಗಳು ಏನು ಮಾಡಬಹುದು?

ಒಂದು: ಹೆಸರಿಡಿ. ಮೊಬೈಲ್ ಎತ್ತಿಕೊಳ್ಳುವ ಮುನ್ನ, ಈಗ ನಾನು ಯಾವುದನ್ನು ತಪ್ಪಿಸುತ್ತಿದ್ದೇನೆ ಎಂದು ಒಂದು ಸಾಲು ಬರೆಯಿರಿ. "ಅಕೌಂಟೆನ್ಸಿಯ ಜರ್ನಲ್ ಎಂಟ್ರಿ ಅರ್ಥವಾಗಿಲ್ಲ", "ಅಮ್ಮನ ಮಾತಿನಿಂದ ಬೇಸರವಾಗಿದೆ". ಹೆಸರಿಲ್ಲದ ಭಯಕ್ಕಿಂತ ಹೆಸರಿರುವ ಭಯ ಚಿಕ್ಕದು.

ಎರಡು: ಆ ಕೆಲಸದ ಅತಿ ಸಣ್ಣ ತುಂಡನ್ನು ಹತ್ತು ನಿಮಿಷ ಮಾಡಿ. ಇಡೀ ಅಧ್ಯಾಯವಲ್ಲ, ಒಂದು ಲೆಕ್ಕ ಮಾತ್ರ. ಓಡಿಹೋಗುವ ಚಕ್ರ ಮುರಿಯುವುದು ಇಲ್ಲಿಯೇ.

ಮೂರು: ಕಿತ್ತುಹಾಕಲಾದ ನಿಲುಗಡೆಯನ್ನು ನೀವೇ ಮರಳಿ ತನ್ನಿ. ಆಟೋಪ್ಲೇ ಮತ್ತು ನೋಟಿಫಿಕೇಶನ್ ಆಫ್ ಮಾಡಿ. ನೋಡಬೇಕಾದ ಒಂದು ಕಂತನ್ನು ಮೊದಲೇ ಆಯ್ದುಕೊಳ್ಳಿ. ಕೊನೆಯಿರುವ ಮನರಂಜನೆಯನ್ನು ಆರಿಸಿ: ಒಂದು ಪಂದ್ಯ, ಒಂದು ಸಿನಿಮಾ, ಒಂದು ಕಥೆ.

ನಾಲ್ಕು: ರಾತ್ರಿ ಮೊಬೈಲ್ ಮಲಗುವ ಕೋಣೆಯ ಹೊರಗೆ ಚಾರ್ಜ್ ಆಗಲಿ. ಅಲಾರಾಂಗೆ ಬೇಕೆಂಬ ನೆಪ ಇದ್ದರೆ ಒಂದು ಸಾಮಾನ್ಯ ಅಲಾರಾಂ ಗಡಿಯಾರ ಸಾಕು.

ಐದು: ಐದು ಹೊತ್ತಿನ ನಮಾಝ್ ದಿನಕ್ಕೆ ಐದು ಸಹಜ ನಿಲುಗಡೆಗಳನ್ನು ಕೊಡುತ್ತದೆ. ಅಝಾನ್ ಕೇಳಿದಾಗ ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಎದ್ದರೆ, ನಮಾಝ್ ಮುಗಿದ ಮೇಲೆ ಮತ್ತೆ ಬೇಕೇ ಎಂದು ಯೋಚಿಸಲು ಅವಕಾಶ ಸಿಗುತ್ತದೆ. ಇತರ ಧರ್ಮದ ಗೆಳೆಯರು ತಮ್ಮ ಪ್ರಾರ್ಥನೆ, ಸಂಜೆಯ ನಡಿಗೆ ಅಥವಾ ಆಟವನ್ನು ಇದೇ ರೀತಿ ನಿಲುಗಡೆಯಾಗಿ ಮಾಡಿಕೊಳ್ಳಬಹುದು.

ಉಪನ್ಯಾಸಕರು ಮತ್ತು ಹೆತ್ತವರು

"ಎಷ್ಟು ಹೊತ್ತು ನೋಡಿದೆ?" ಎಂಬ ಪ್ರಶ್ನೆಗೆ ಮಕ್ಕಳು ಸುಳ್ಳು ಹೇಳುತ್ತಾರೆ. "ಯಾವ ಪಾಠ ಕಷ್ಟವಾಗುತ್ತಿದೆ?" ಎಂಬ ಪ್ರಶ್ನೆಗೆ ನಿಜ ಹೇಳುವ ಸಾಧ್ಯತೆ ಹೆಚ್ಚು. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಕೆಲವು ತಿಂಗಳು ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಗಳಲ್ಲಿ ಬೋರ್ಡಿನ ಮೇಲೆ ಬರೆದರೆ ಎಷ್ಟೋ ಮಕ್ಕಳ ಓಟ ಅಲ್ಲಿಗೇ ನಿಲ್ಲಬಹುದು. ತರಗತಿಯಲ್ಲಿ ಕೇಳಲಾಗದ್ದನ್ನು ಚೀಟಿಯಲ್ಲಿ ಬರೆದು ಕೊಡುವ ಅವಕಾಶವಿದ್ದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಊಟದ ಹೊತ್ತಿಗೆ ಮೊಬೈಲ್ ಬೇಡ ಎಂಬ ನಿಯಮ ಮಾಡಿದರೆ ಅದು ದೊಡ್ಡವರಿಗೂ ಅನ್ವಯಿಸಲಿ. ಗಲ್ಫ್‌ನಲ್ಲಿರುವ ತಂದೆ ದುಬಾರಿ ಫೋನ್ ಕಳಿಸುವುದರ ಜೊತೆಗೆ ವಾರಕ್ಕೊಂದು ದಿನ ಅರ್ಧ ಗಂಟೆ ಅಂಕಗಳ ವಿಚಾರ ಬಿಟ್ಟು ಬೇರೆ ಮಾತನಾಡಿದರೆ ಮಗ ಅಥವಾ ಮಗಳು ಮನಸ್ಸು ಬಿಚ್ಚಿಯಾರು.

ಇಷ್ಟಾದರೂ ಹತೋಟಿಗೆ ಬಾರದಿದ್ದರೆ, ಅಥವಾ ಆಟ ವಿಡಿಯೋಗಳ ಹಿಂದೆ ತೀವ್ರ ದುಃಖ, ಬದುಕೇ ಬೇಡವೆಂಬ ಯೋಚನೆ ಇದ್ದರೆ ತಜ್ಞರ ನೆರವು ಪಡೆಯಲು ನಾಚಿಕೆ ಬೇಡ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ 2014ರಲ್ಲಿ 'ಶಟ್' ಎಂಬ ಕ್ಲಿನಿಕ್ ಆರಂಭವಾಗಿದೆ. ಅಲ್ಲಿಗೆ ಹೋಗಲಾಗದವರು ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವುದೇ ಹೊತ್ತಿನಲ್ಲಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಕಾಲೇಜಿನಲ್ಲಿ ನಿಮಗೆ ನಂಬಿಕೆಯಿರುವ ಒಬ್ಬ ಉಪನ್ಯಾಸಕರಿಗೆ ಹೇಳಿಕೊಳ್ಳುವುದೂ ಒಳ್ಳೆಯ ಆರಂಭ.

ಆರೋಗ್ಯ ಮತ್ತು ಬಿಡುವು ಎಂಬ ಎರಡು ಅನುಗ್ರಹಗಳ ವಿಷಯದಲ್ಲಿ ಹೆಚ್ಚಿನವರು ನಷ್ಟ ಅನುಭವಿಸುತ್ತಾರೆಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ನಮ್ಮ ವಯಸ್ಸಿನಲ್ಲಿ ಇವೆರಡೂ ಕೈತುಂಬ ಇವೆ. ಇಂದು ರಾತ್ರಿ ಓದುವ ಮೇಜಿನಿಂದ ಕೈ ಮೊಬೈಲಿನತ್ತ ಚಾಚಿದಾಗ ಒಂದು ಕ್ಷಣ ನಿಂತು, ದಣಿದಿದ್ದೇನೆಯೇ ಅಥವಾ ಹೆದರಿದ್ದೇನೆಯೇ ಎಂದು ಕೇಳಿಕೊಳ್ಳೋಣ. ದಣಿದಿದ್ದರೆ ನಿಶ್ಚಿಂತೆಯಿಂದ ವಿಶ್ರಮಿಸೋಣ. ಹೆದರಿದ್ದರೆ ಆ ಹೆದರಿಕೆಯನ್ನು ಯಾರಲ್ಲಾದರೂ ಹೇಳಿಕೊಳ್ಳೋಣ. ಅಲ್ಲಾಹನು ನಮ್ಮ ಸಮಯದಲ್ಲಿ ಬರಕತ್ ನೀಡಲಿ.